ಟಗರಿನ ಕೊನೆಯ ತುತ್ತು

ರಾತ್ರಿ. ಜರ್ಮನಿಯ ಹಾರ್ಟ್ಸ್ ಬೆಟ್ಟದ ಹಳೇ ಬಾವಿಯ ಪಕ್ಕದ ದಾರಿಯಲ್ಲಿ ಇಬ್ಬರು ಇಳಿದು ಬರುತ್ತಿದ್ದರು. ಮುಂದೆ ನಮ್ಮ ಪಕ್ಕದ ಮನೆಯ ದೇವದಾಸ್, ಹೆಗಲ ಮೇಲೆ ಸತ್ತ ಕಾಡುಟಗರು. ಹಿಂದೆ ಟಾರ್ಚ್ ಹಿಡಿದ ಸ್ನೇಹಿತ ರಾಕೇಶ್. ದೇವದಾಸನ ಮೈಯೆಲ್ಲ ಉರಿಯುತ್ತಿತ್ತು... ಸಿಟ್ಟಿಗೆ.

ಉರಿಯದೆ ಇನ್ನೇನು? ಬೇಟೆ ಲೈಸೆನ್ಸಿಗೆ ಜರ್ಮನ್‌ನಲ್ಲಿ ಓದಿ ಓದಿ ಕಣ್ಣು ಕೆಡಿಸಿಕೊಂಡವನು. ಆ ಕಾಡಿನಲ್ಲಿ ಈ ವರ್ಷ ಒಂದೇ ಟಗರಿಗೆ ಅನುಮತಿ, ಅದು ಅವನ ಪಾಲಿಗೆ ಬಂದಿತ್ತು. ದಿನಗಟ್ಟಲೆ ಬಂಡೆ ಹತ್ತಿ, ಚಳಿಗೆ ಹಲ್ಲು ಕಡಿದು ಕಾದ. ಟಗರು ಕಂಡ ಗಳಿಗೆಯಲ್ಲೇ, ಜೊತೆಗೆ ಬಂದ ರಾಕೇಶ್ ಗುಂಡು ಹಾರಿಸಿಬಿಟ್ಟ!

ಅಲ್ಲಿಯ ಬೇಟೆಗಾರರ ಪದ್ಧತಿ ಹೀಗೆ: ಹೊಡೆದವನು ಸತ್ತ ಪ್ರಾಣಿಯ ಬಾಯಿಗೆ ಹಸಿರು ಟೊಂಗೆ ಇಡಬೇಕು. ಅದರ ಕೊನೆಯ ತುತ್ತು. ಹೊಡೆದವನ ಟೋಪಿಗೆ ಜೊತೆಗಾರ ಇನ್ನೊಂದು ಟೊಂಗೆ ಕೊಡಬೇಕು.

"ನನ್ನ ಟೊಂಗೆ ಎಲ್ಲಿ?" ಅಂದ ರಾಕೇಶ್.

"ಕಳ್ಳನಿಗೆಂತ ಟೊಂಗೆ?"

"ಹಾಗಾದ್ರೆ ಟಗರಿಗೂ ಇಲ್ಲ!"

"ಬೇಡ! ಉಪವಾಸವೇ ಹೋಗ್ಲಿ!"

ಇಬ್ಬರ ಜಗಳ ಮೂರನೆಯವರಿಗೆ ಲಾಭ ಅಂತಾರೆ. ಇಲ್ಲಿ ಮೂರನೆಯದಕ್ಕೆ ಒಂದು ತುತ್ತೂ ದಕ್ಕಲಿಲ್ಲ. ಆ ಮೂಕಪ್ರಾಣಿ ಇವರಿಗೇನು ಮಾಡಿತ್ತು ಹೇಳಿ! ಕರುಳು ತೆಗೆದು, ಕಾಲು ಕಟ್ಟಿ, ಹೊತ್ತು ಹೊರಟೇಬಿಟ್ಟರು.

ಬಾವಿ ದಾಟಿದ್ದೇ ಶುರುವಾಯಿತು... ಕರ್... ಕರ್... ಕಚ್.

ಕಿವಿಯ ಬುಡದಲ್ಲೇ.

"ತಿನ್ನೋದು ನಿಲ್ಲಿಸು," ದೇವದಾಸ್ ಹಲ್ಲು ಕಚ್ಚಿ ಗದರಿದ.

"ನಾನೆಂತ ತಿನ್ತಾ ಇಲ್ಲ ಮಾರಾಯ..."

ಉತ್ತರ ಬಂದದ್ದು ಎಷ್ಟೋ ಹಿಂದಿನ ತಿರುವಿನಿಂದ.

ಕರ್... ಕರ್... ಕುತ್ತಿಗೆಗೆ ಏನೋ ಬಿಸಿಬಿಸಿ ಒದ್ದೆ ಹತ್ತಿತು. ರಕ್ತವಿರಬೇಕು ಅಂದುಕೊಂಡ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಬಿರಬಿರನೆ ಇಳಿದ.

ಬೇಟೆಗಾರರ ಗುಡಿಸಲಿನಲ್ಲಿ ದೀಪ ಹಚ್ಚಿ ಟಗರು ಇಳಿಸಿದರು. ರಾಕೇಶನ ಮುಖ ಬಿಳಿಚಿಕೊಂಡಿತು.

"ದೇವಣ್ಣಾ... ನಿನ್ನ ಕಾಲರ್..."

ನೀಲಿ ಜಾಕೆಟ್ಟಿಗೆ ಕಾಲರೇ ಇರಲಿಲ್ಲ. ಹೊಲಿಗೆಯವರೆಗೂ ಅಗಿದು ತಿಂದಿತ್ತು. ಟಗರಿನ ಹಲ್ಲಿನ ಸಂದಿಯಲ್ಲಿ ನೀಲಿ ನೂಲು. ದವಡೆ ಮಾತ್ರ ಯಾವಾಗಲೋ ಸೆಟೆದುಹೋಗಿತ್ತು, ಇಬ್ಬರು ಸೇರಿ ಎಳೆದರೂ ತೆರೆಯಲಿಲ್ಲ.

ನಗುವವರು ನಗಿ, ನನಗೇನು! ಆ ಜಾಕೆಟ್ಟಿಗೆ ಹೊಸ ಕಾಲರ್ ಹಾಕಿಕೊಟ್ಟವಳು ನಾನು, ಈ ಬರ್ನಾಡೆಟ್. ನನ್ನ ಕೈಗೆ ಬರುವಷ್ಟರಲ್ಲಿ ವಾರ ಕಳೆದಿತ್ತು. ಒಣಗಲೆಂದು ಹೀಟರ್ ಮೇಲೆ ಹಾಕಿಟ್ಟಿದ್ದರಂತೆ... ಹೊಲಿಯುವಾಗ ಆ ಅಗಿದ ಅಂಚು ಇನ್ನೂ ಒದ್ದೆಯಾಗಿಯೇ ಇತ್ತು.