ಗ್ರೋವಾ ಅಮ್ಮ ನೋಡದ ಬಟ್ಟಲು

ಸರೋವರ ಆಗಷ್ಟೇ ಹೆಪ್ಪುಗಟ್ಟಿತ್ತು. ಮೀನಿನ ಶೆಡ್ಡಿನಲ್ಲಿ ಬೆಳಗಿನ ಮೀನು ಸೀಳುವ ಕೆಲಸ ಸಾಗಿತ್ತು. ಒಲೆಯ ಬಳಿ ಕಾಫಿಗೆ ನಿಂತಿದ್ದ ಹಾಲ್ಡೋರಾಳಿಗೆ ಮುಂದೆ ನಿಂತಿದ್ದ ಸೋಲ್ರೂನ್ ಮತ್ತು ಗ್ರೋವಾ ಅಮ್ಮನ ಮಾತು ಕೇಳಿಸಿತು. ಸೋಲ್ರೂನಳ ಗಂಡ ಕೇತಿಲ್ ಮಂಜುಗಡ್ಡೆಯ ಮೇಲೆ ಬಲೆ ಎತ್ತಲು ಹೋದವನು ಮೊನ್ನೆಯಿಂದ ಬಂದಿರಲಿಲ್ಲ. ಗ್ರೋವಾ ಅಮ್ಮ ಕುಡಿದ ಬಟ್ಟಲಲ್ಲಿ ಉಳಿದ ಕಾಫಿ ಚರಟ ನೋಡಿ ಭವಿಷ್ಯ ಹೇಳುವವಳು.

"ಅಮ್ಮಾ, ಬಟ್ಲು ಬೋರಲು ಹಾಕಿ ಒಲೆ ಮೇಲೆ ಒಣಗಿಸಿದ್ದೀನಿ. ನೋಡಿ ಹೇಳಿ."

"ಕಣ್ಣು ಮಂಜು ಕಣೇ."

"ನಿನ್ನೆ ಥೋರಾಗೆ ಬಟ್ಲಲ್ಲೇ ಗಂಡು ಹುಡುಕಿಕೊಟ್ರಲ್ಲ, ಆಗ ಕಂಡಿತ್ತಾ?"

"ಅದು ತಮಾಷೆಗೆ."

"ನಂಗೂ ತಮಾಷೆಗೇ ಹೇಳಿ. ಬರ್ತಾನೆ ಅನ್ನಿ, ಸಾಕು. ನನ್ನ ಮದುವೆ ದಿನ ಬಟ್ಲು ನೋಡಿ ಅಂದಾಗ ಆಮೇಲೆ ನೋಡ್ತೀನಿ ಅಂದ್ರಿ. ಅದಿನ್ನೂ ಬಾಕಿ ಇದೆ."

"ಹುಡುಕೋಕೆ ಹೋದೋರಿಗೆ ಏನಾದ್ರೂ ಸಿಕ್ತಾ?"

"ಮಂಜುಗಡ್ಡೆ ಬಿರುಕಿನ ಹತ್ರ ಅವನ ಒಂದು ಕೈಗವಸು. ಅಷ್ಟೇ."

ಗ್ರೋವಾ ಅಮ್ಮ ಬಟ್ಟಲೆತ್ತಿದಳು. ಒಳಗೆ ನೋಡದೆಯೇ ಬಿಸಿನೀರಿನ ಬಕೆಟ್ಟಿನಲ್ಲಿ ಅದ್ದಿ ಬೆರಳಿಂದ ಉಜ್ಜಿ ತೊಳೆದಳು.

"ಅಯ್ಯೋ! ಏನಿತ್ತಮ್ಮಾ ಅದ್ರಲ್ಲಿ?"

"ಕಾಫಿ ಚರಟ ಮಗಳೇ. ಬಾ, ಮನೆಗೆ ಹೋಗೋಣ."

ಮುದುಕಿ ಸೋಲ್ರೂನಳ ತೋಳು ಹಿಡಿದುಕೊಂಡು ಬಾಗಿಲು ದಾಟಿಸಿದಳು. ತೊಳೆದ ಬಟ್ಟಲು ಒಲೆಯಂಚಿನಲ್ಲೇ ಇತ್ತು. ಹಾಲ್ಡೋರಾ ಅದನ್ನು ಮುಟ್ಟದೆ ತನ್ನ ಕಾಫಿಗೆ ಬೇರೊಂದು ಬಟ್ಟಲು ತೆಗೆದುಕೊಂಡಳು.