ಮುಖ ತೋರ್ಸದ ಸೈಟು

...ಅದಲ್ಲ ಅರುಣಾ, ಇನ್ನೊಂದು! ಮಕ್ಕಳ ಮುಖ ಹಾಕ್ದೆ ಬರೀ ನಮ್ ಅನಾಥಾಶ್ರಮದ ಕಟ್ಟಡ ತೋರ್ಸೋ ಕಂಪ್ಯೂಟ್ರು ಸೈಟು ಅಂತಿದ್ಯಲ್ಲ, ಅದೇ ಆಗ್ಲಿ ಅಂತ ಮೇಷ್ಟ್ರಿಗೆ ಹೇಳು. ದಾನ ಬರೋದಾದ್ರೆ ಅದ್ರಾಗೂ ಬರ್ತದೆ. ಈ ತ್ರಿವೇಣಿ ಫೋಟೋನ ಮಾತ್ರ ಈಗ್ಲೇ ತೆಗ್ದಾಕು... ಈಗ್ಲೇ ಕಣೇ!

ಯಾಕ್ ನಗ್ತೀಯ? ಮುದ್ದೆ ತಿರುವೋ ಮುದುಕಿಗೆ ಕಂಪ್ಯೂಟ್ರು ಪಂಚಾಯ್ತಿ ಯಾಕೆ ಅಂತ್ಲಾ? ನಗು, ನಗು. ಅವತ್ತು ನಾನು ತ್ರಿವೇಣಿಗೆ ಎಣ್ಣೆ ಹಚ್ಚಿ ಜಡೆ ಹಾಕಿ ಕಳ್ಸಿದ್ರೆ, 'ಅಯ್ಯೋ ಗಂಗಜ್ಜಿ, ಹಿಂಗ್ ಲಕ್ಷಣವಾಗಿದ್ರೆ ಯಾರ್ ಕೊಡ್ತಾರೆ' ಅಂತ ಜಡೆ ಬಿಚ್ಚಿ, ತಲೆ ಕೆದರಿ ಫೋಟೋ ಹೊಡ್ದೋಳು ನೀನು. ಕೂಸು ಸಂಜೆಗಂಟ ಕನ್ನಡಿ ಮುಂದೆ ನಿಂತಿತ್ತು, 'ಅಜ್ಜಿ, ನಾನು ಕೊಳ್ಕಿನಾ' ಅಂತ.

ಏನಂದೆ? ಅವತ್ತು ಯಾಕೆ ಒಪ್ಕೊಂಡೆ ಅಂತ್ಲಾ?

ನಮ್ ಆಶ್ರಮದ ನಾಗಭೂಷಣ್ ಮೇಷ್ಟ್ರು ಏನಂದ್ರು ಹೇಳು? 'ಇದನ್ನ ನೋಡೋರೆಲ್ಲ ಫಾರಿನ್ನೋರು ಗಂಗಮ್ಮ, ಅವ್ರಿಗೆ ನಮ್ ಗುಬ್ಬಿ ಊರು ಎಲ್ಲೈತೆ ಅಂತ್ಲೂ ಗೊತ್ತಿಲ್ಲ' ಅಂದ್ರು. ಅವರೂ ಹಂಗೇ ನಂಬಿದ್ರು, ನೀನೂ ನಂಬಿದ್ದೆ. ನಾನು ಅಕ್ಷರ ಕಾಣದೋಳು, ನಂಬ್ದೆ. ಸಮುದ್ರದಾಚೆ ಇರೋರು ನೋಡಿದ್ರೆ ನೋಡ್ಕಳ್ಳಿ ಅಂತ ಬುಟ್ಟೆ. ಮೊನ್ನೆ ರಾಗಿ ಬೀಸಕ್ಕೆ ಹೋದ್ರೆ ಮಿಲ್ಲಿನ ಪಕ್ಕದಾಗೇ ಸೈಬರ್ ಅಂಗಡಿ! ಮೀಸೆ ಚಿಗುರದ ಹುಡುಗ್ರು ಒಬ್ಬನ ಹೆಗಲ ಮೇಲೊಬ್ಬ ಬಗ್ಗಿ ಕಂಪ್ಯೂಟ್ರು ನೋಡ್ತಾವ್ರೆ. ಏನ್ರಲಾ ಅದು ಅಂದೆ. 'ಪ್ರಪಂಚ ಎಲ್ಲಾ ಬರ್ತದೆ ಕಣಜ್ಜಿ' ಅಂದ್ವು. ಅಮೆರಿಕದ್ದು ಗುಬ್ಬಿಗೆ ಬಂದ್ರೆ, ಗುಬ್ಬೀದು ಕುಣಿಗಲ್ಲಿಗೆ ಹೋಗಲ್ವಾ? ಹುಲಿಯೂರುದುರ್ಗಕ್ಕೆ ಹೋಗಲ್ವಾ?

ಹುಲಿಯೂರುದುರ್ಗ ಯಾಕಾ? ...ಏನೋ, ಬಾಯಿಗೆ ಬಂತು. ಬುಡು. ಹೆಣ್ಮಗು ಕಣವ್ವ, ಹತ್ತಾರು ಜನ್ರ ಕಣ್ಣು ಬಿದ್ರೆ ಒಳ್ಳೇದಲ್ಲ, ಅದಕ್ಕೇ ಅಂದೆ.

ಏನು? ...ದುಡ್ಡು ಕೊಟ್ಟು ಸಾಕಕ್ಕೆ ತ್ರಿವೇಣೀನ ಆಗ್ಲೇ ಯಾರೋ ಆರ್ಸವ್ರಾ? ಅಷ್ಟು ಮಕ್ಳಲ್ಲಿ ಅವಳನ್ನೇಯಾ? ನೋಡಕ್ಕೂ ಬರ್ತಾರಾ! ಕೊಡೋರು ಬಂದು ನೋಡ್ಬೋದು ಅಂತ ಆ ಸೈಟಲ್ಲೇ ಐತಾ... ಯಾರು, ಫಾರಿನ್ನೋರಾ?

ಇಲ್ವಾ. ಕನ್ನಡದೋರು. ಫೋನಲ್ಲಿ ಚೆನ್ನಾಗಿ ಮಾತಾಡಿದ್ರು. ಸರಿ... ಯಾವೂರಂತೆ?

ಯಾವೂರಂತೆ, ಅರುಣಾ?

ಪರದೆ ನೋಡ್ತೀಯ, ನನ್ ಮುಖ ನೋಡ್ತೀಯ... ಅಲ್ಲೇನ್ ಬರ್ದೈತೆ ಓದೇ. ಓದು! ...ಬೇಡ. ಓದ್ಬೇಡ. ನಿನ್ ಮುಖ ನೋಡಿದ್ರೆ ನಂಗೆ ತಿಳೀತದೆ. ಭೀಮರಾಜ ಅಂತ ಐತಾ?

ಹೂಂ ಅನ್ನೇ ತಾಯಿ.

ಅಯ್ಯೋ... ಅಯ್ಯೋ ನನ್ನವ್ವ.

ಅದು ನೀವೆಲ್ಲ ಅನ್ಕೊಂಡಂಗೆ ಕ್ಯಾತ್ಸಂದ್ರದ ಬಸ್‌ಸ್ಟಾಪಲ್ಲಿ ಸಿಕ್ಕಿದ ಕೂಸಲ್ಲ ಕಣೇ. ನನ್ ಮಗಳ ಮಗಳು. ತ್ರಿವೇಣಿ ಅನ್ನೋದೂ ನಾನಿಟ್ಟ ಹೆಸ್ರು. ಅನಾಥೆ ಅಂತೇಳಿ ಇಲ್ಲಿ ಬುಟ್ಟು, ಹಿಂದೇನೇ ಬಂದು ನಾನು ಅಡುಗೆಗೆ ಸೇರ್ಕೊಂಡೆ. ಆ ಹುಲಿಯೂರುದುರ್ಗದ ಭೀಮರಾಜ ಅದ್ರಪ್ಪ. ನನ್ ಮಗಳನ್ನ ಒಳಗಾಕಿ, ಬೆಂಕಿ ಇಟ್ಟು, ಹೊರಗಿಂದ ಚಿಲ್ಕ ಹಾಕ್ದೋನು. ಸ್ಟವ್ ಸಿಡೀತು ಅಂದ. ಎಲ್ರೂ ಹೌದು ಅಂದ್ರು. ಹೆಣ ಎತ್ತೋ ಮುಂದೆ ಈ ಕೂಸು, ತೊದಲು ಮಾತು ಅದಕ್ಕೆ, ಅವ್ನನ್ನೇ ಬೆರಳು ಮಾಡಿ ತೋರ್ಸಿ 'ಅಪ್ಪ ಚಿಲ್ಕ ಹಾಕ್ತು' ಅಂದ್ಬುಡ್ತು. ಬೇರೆಯೋರು ಕೇಳುಸ್ಕೊಂಡ್ರೋ ಇಲ್ವೋ. ಅವ್ನು ಕೇಳುಸ್ಕೊಂಡ. ಅವ್ನು ಕೂಸನ್ನ ನೋಡಿದ್ನಲ್ಲ, ಆ ನೋಟ ನಾನು ಕಂಡೆ. ಅವತ್ತೇ ಸೆರಗಲ್ಲಿ ಸುತ್ಕೊಂಡು ಹೊರಟ್ಬಂದೆ.

ಯಾವತ್ತು ಬಾ ಅಂದಿದೀಯ ಅವ್ನಿಗೆ?

ಅಳ್ಬೇಡ. ನೀನೇನ್ ಕನಸು ಕಂಡಿದ್ಯಾ? ನಾನು ಹೇಳಿದ್ರೆ ತಾನೇ. ಅತ್ತಿದ್ದು ಸಾಕು... ದಿನ ಹೇಳು. ನಾಳೆನಾ? ನಾಡಿದ್ದಾ?

ಜಗಲಿ ಕಡೆ ಯಾಕ್ ನೋಡ್ತೀಯ? ಬೆಳಿಗ್ಗೆ ನೀನೇ ಕೂಸಿನ ತಲೆ ಬಾಚಿ, ಆ ಗುಲಾಬಿ ಫ್ರಾಕು ಹಾಕಿ ಅಲ್ಲಿ ಕೂರ್ಸಿದ್ದು... ಅದ್ಕೇನಾ? ಇವತ್ತಾ?

ತ್ರಿವೇಣೀ! ಬಾರವ್ವ, ಎದ್ದು ಬಾ. ಚಪ್ಲಿ ಇಲ್ದಿದ್ರೂ ಆಯ್ತು. ಹಿತ್ತಲಾಗೆ ಹೋಗಣ ಬಾ. ಮಾತಾಡ್ಬೇಡ, ಅಜ್ಜಿ ಕೈ ಹಿಡ್ಕೊ.

ನೀನು ಎಲ್ಲಿಗೆ ಅಂತ ಕೇಳ್ಬೇಡ ಅರುಣಾ. ಸುಳ್ಳೇಳಕ್ಕೆ ನಿಂಗ್ ಬರಲ್ಲ, ಮುಖದಲ್ಲೇ ಕಾಣ್ತದೆ. ಅವ್ನು ಬಂದು ನಿನ್ ಎದುರು ನಿಂತಾಗ, ನಾವೆಲ್ಲಿ ಅಂತ ನಿಂಗೆ ನಿಜವಾಗ್ಲೂ ಗೊತ್ತಿರ್ಬಾರ್ದು.