ಆರು ವರ್ಷ ಅಂದರೆ ಎಷ್ಟು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಇಂದು ಸಂಜೆ ಐದಕ್ಕೆ ನಿವೃತ್ತರಾಗಲಿರುವ ನಮ್ಮ ಜೈಲಿನ ಸೂಪರಿಂಟೆಂಡೆಂಟ್ ಸಾಹೇಬರೇ, ವಾರ್ಡರುಗಳೇ, ಮತ್ತು ಎದ್ದು ಹೋಗುವ ಸೌಕರ್ಯವಿಲ್ಲದ ಸಭಿಕರೇ,

ಕೈದಿಗಳ ಪರವಾಗಿ ಮಾತಾಡಲು ಸಾಹೇಬರು ನನ್ನನ್ನೇ ಆರಿಸಿದ್ದಾರೆ. ನನ್ನ ನಡತೆಯ ಮೇಲೆ ಅವರಿಗೆ ಅಷ್ಟು ನಂಬಿಕೆ. ನಾನು ಆಫೀಸಿನ ರೈಟರ್. ಯಾರು ಯಾವತ್ತು ಹೊರಗೆ ಹೋಗುತ್ತಾರೆ ಎಂದು ಲೆಕ್ಕ ಹಾಕುವವನು. ಆರು ವರ್ಷ ಅಂದರೆ ಎಷ್ಟು? ಜಡ್ಜ್ ಸಾಹೇಬರಿಗೆ ಆರೇ ವರ್ಷ. ನಮಗೆ ಹಾಗಲ್ಲ. ತಿಂಗಳಿಗೆ ಒಳ್ಳೆಯ ನಡತೆಗೆ ಮೂರು ದಿನ ಕಳೆಯಿರಿ, ಕೆಲಸಕ್ಕೆ ಎರಡು ಕಳೆಯಿರಿ, ಐದು ವರ್ಷ ಎರಡು ತಿಂಗಳಿಗೆ ಗೇಟು ತೆರೆಯುತ್ತದೆ. ಊಟದ ಸಾಲಿನಲ್ಲಿ ಒಮ್ಮೆ ಕೈ ಎತ್ತಿದರೆ ಮೂರು ತಿಂಗಳ ಒಳ್ಳೆಯತನ ನೀರಿನಲ್ಲಿ ಹೋಮ.

ನನಗೂ ಆರು ವರ್ಷವೇ. ಐದು ವರ್ಷ ಎರಡು ತಿಂಗಳು ಹೋದ ಚಳಿಗಾಲಕ್ಕೇ ಮುಗಿಯಿತು. ನನ್ನ ಬಿಡುಗಡೆಯ ಕಾಗದ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಪ್ರೀತಿಯಿಂದ ಹೇಳಿದರು: "ನೀನು ಹೋದ್ರೆ ಈ ಲೆಕ್ಕ ಯಾರಯ್ಯ ಮಾಡ್ತಾರೆ? ಇನ್ನೊಬ್ಬನಿಗೆ ಕಲಿಸು, ಆಮೇಲೆ ನೋಡೋಣ." ಒಬ್ಬನಿಗೆ ಕಲಿಸಿದೆ. ಅವನು ಮೊದಲು ತನ್ನದೇ ಲೆಕ್ಕ ಹಾಕಿಕೊಂಡ, ಸಾಹೇಬರು ರಜೆಯಲ್ಲಿದ್ದಾಗ ಡೆಪ್ಯೂಟಿಯಿಂದ ಸಹಿ ಮಾಡಿಸಿ ಹೊರಟೇಹೋದ. ಶಿಷ್ಯನೆಂದರೆ ಹಾಗಿರಬೇಕು. ಜಗಳವಾಡಿದ್ದರೆ, ಕೆಲಸ ಕೆಡಿಸಿದ್ದರೆ ನನ್ನನ್ನು ಎಂದೋ ಕಳಿಸುತ್ತಿದ್ದರೇನೋ. ನೆಟ್ಟಗಿದ್ದೆ, ಅದಕ್ಕೇ ಉಳಿದೆ.

ಭೇಟಿಗೆ ಬಂದಾಗಲೆಲ್ಲ ಮಗಳಿಗೆ ತಾರೀಖು ಕೊಡುತ್ತಿದ್ದೆ. ಹೋದ ಸಲ ಜಾಲರಿಯ ಆಚೆಯಿಂದ ಅವಳು, "ಅಪ್ಪಾ, ತಾರೀಖು ಹೇಳ್ಬೇಡಿ. ಬಂದ್ಮೇಲೆ ಬಂದೆ ಅನ್ನಿ ಸಾಕು," ಎಂದಳು. ಊರಿಗೆಲ್ಲ ದಿನ ಎಣಿಸಿಕೊಟ್ಟ ನನಗೆ ಅವತ್ತು ನಾಚಿಕೆಯಾಯಿತು. ಆ ರಾತ್ರಿ ಅತ್ತುಬಿಟ್ಟೆ. ಇದನ್ನು ಭಾಷಣದಲ್ಲಿ ಹೇಳಬೇಕೆಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಸಾಹೇಬರ ಸಹಿ ನಾನೇ ಹಾಕಿಕೊಳ್ಳಬಹುದಿತ್ತಲ್ಲ ಎಂದು ಹಿಂದಿನ ಸಾಲಿನವರು ನಗುತ್ತಿದ್ದಾರೆ. ಹಾಕಬಹುದಿತ್ತು. ನಾನು ಒಳಗೆ ಬಂದದ್ದೇ ಇನ್ನೊಬ್ಬರ ಸಹಿ ಹಾಕಿ. ಆದರೆ ನೋಡಿ, ನಿಮ್ಮ ಜೈಲಿನಲ್ಲಿ ನಾನು ನಿಜವಾಗಿಯೂ ತಿದ್ದಿಕೊಂಡೆ. ಎಂಥ ತಾಪತ್ರಯ!

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ನಾನೂ ನೋಡುತ್ತಿದ್ದೇನೆ. ಐದಕ್ಕೆ ಹತ್ತು ನಿಮಿಷವಿದೆ. ಐದಾದ ಮೇಲೆ ಸಾಹೇಬರ ಸಹಿಗೆ ಬೆಲೆಯಿಲ್ಲ. ನಾಳೆ ಬರುವ ಹೊಸ ಸಾಹೇಬರು ನನ್ನ ನಡತೆಯನ್ನು ಮೊದಲಿನಿಂದ ಮೂರು ತಿಂಗಳು ಕಣ್ಣಾರೆ ನೋಡಬೇಕು. ಅದು ನಿಯಮ. ಮೂರು ತಿಂಗಳಾದ ಮೇಲೆ ಅವರಿಗೂ ರೈಟರ್ ಬೇಕಾಗುತ್ತದೆ.

ಸಾಹೇಬರೇ, ಹೂಗುಚ್ಛದ ಕೆಳಗಿರುವ ಹಸಿರು ಫೈಲು ಬೀಳ್ಕೊಡುಗೆ ಪತ್ರವಲ್ಲ. ನೀವು ಅದನ್ನು ತೆರೆಯುವವರೆಗೆ ನಾನು ವಂದನಾರ್ಪಣೆ ಮಾಡುತ್ತಿರುತ್ತೇನೆ. ಅಡುಗೆಯವರಿಗೆ ವಂದನೆ. ಮೈಕಿನವರಿಗೆ ವಂದನೆ. ಕುರ್ಚಿ ಹಾಕಿದವರಿಗೆ ವಂದನೆ. ಗೋಡೆಗೆ ಸುಣ್ಣ ಬಳಿದವರಿಗೆ... ಹಾಂ, ಪೆನ್ನು ಅಲ್ಲೇ ಇದೆ ಸರ್. ಕೆಳಗಡೆ, ಬಲಕ್ಕೆ. ತಾರೀಖು ಇವತ್ತಿನದೇ ಹಾಕಿ. ನಡತೆ ಎಂಬಲ್ಲಿ 'ಉತ್ತಮ' ಎಂದು ಬರೆಯಿರಿ, ಈ ಭಾಷಣವನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಆಯಿತೇ? ಡೆಪ್ಯೂಟಿಯವರೇ, ಒಮ್ಮೆ ನೋಡಿ ಹೇಳಿ, ನನಗೆ ಕಣ್ಣು ಮಂಜಾಗಿದೆ. ಆಯಿತಂತೆ.

ಸಭಿಕರೇ, ನಾಳೆಯಿಂದ ನಿಮ್ಮ ದಿನಗಳನ್ನು ನೀವೇ ಎಣಿಸಿಕೊಳ್ಳಿ. ನಾನು ಮನೆಗೆ ಹೋಗಿ, ಬಂದೆ ಅನ್ನಬೇಕು. ಎಲ್ಲರಿಗೂ ನಮಸ್ಕಾರ.